ಫೋನಿನಲ್ಲಿ ಜಾಗ ಇಲ್ಲ ಅಂತ ಬಂದರೆ: ಅಳಿಸುವ ಮೊದಲು ಹುಡುಕಿ

'ಸ್ಟೋರೇಜ್ ಫುಲ್' ಅಂತ ಫೋನ್ ಹೇಳಿದ ತಕ್ಷಣ ಹೆಚ್ಚಿನವರು ಗ್ಯಾಲರಿ ತೆರೆದು ಫೋಟೊ ಅಳಿಸಲು ಕೂರುತ್ತಾರೆ. ಮಗುವಿನ ಹುಟ್ಟುಹಬ್ಬದ್ದು, ಧರ್ಮಸ್ಥಳಕ್ಕೆ ಹೋದಾಗ ತೆಗೆದದ್ದು, ಒಂದೊಂದನ್ನೇ ನೋಡಿ ಬೇಕಾ ಬೇಡ್ವಾ ಅಂತ ಯೋಚಿಸಿ ಅಳಿಸುತ್ತಾರೆ. ಎಲ್ಲ ಮುಗಿಸಿ ನೋಡಿದರೆ ಜಾಗ ಇದ್ದಷ್ಟೇ ಇರುತ್ತದೆ. ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಒಂದು ಸಾಮಾನ್ಯ ಫೋಟೊ 3ರಿಂದ 5 ಎಂಬಿ ಇರುತ್ತದೆ. ನೂರು ಫೋಟೊ ಹೋದರೂ ಸಿಗುವುದು ಅರ್ಧ ಜಿಬಿ. ಅದೂ ಅವತ್ತೇ ಸಿಗುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜಾಗ ತಿಂದದ್ದು ಯಾರು ಅಂತ ಗೊತ್ತಾಗುವ ತನಕ ಏನನ್ನೂ ಅಳಿಸಬಾರದು. ಅದು ಗೊತ್ತಾದರೆ ಒಳ್ಳೆಯ ಫೋಟೊ ಒಂದನ್ನೂ ಮುಟ್ಟದೆ ಹಲವು ಜಿಬಿ ಬಿಡಿಸಿಕೊಳ್ಳಬಹುದು.

ನಾನಿಲ್ಲಿ ಹೇಳುತ್ತಿರುವುದು 32 ಜಿಬಿಯ ಆಂಡ್ರಾಯ್ಡ್ ಫೋನಿನ ಬಗ್ಗೆ. ಮಕ್ಕಳು ಹೊಸ ಫೋನ್ ತಗೊಂಡ ಮೇಲೆ ಅಪ್ಪ ಅಮ್ಮನ ಕೈಗೆ ಬರುವುದು ಸಾಮಾನ್ಯವಾಗಿ ಇಂಥದ್ದೇ. 64 ಜಿಬಿ ತುಂಬಿಸಿಕೊಂಡವರಿಗೂ ದಾರಿ ಇದೇ. ಮೆನುವಿನ ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್ ತೆರೆದು ಮೇಲಿನ ಭೂತಗನ್ನಡಿ ಒತ್ತಿ ಹುಡುಕಿ.

ತೊಂದರೆ ಯಾವುದು ಅಂತ ಮೊದಲು ನೋಡಿ

ಫೋನಿನ ಡಬ್ಬದ ಮೇಲೆ 3 ಜಿಬಿ, 32 ಜಿಬಿ ಅಂತ ಎರಡು ಅಂಕಿ ಇರುತ್ತವೆ. ಮೊದಲನೆಯದು ರ್‍ಯಾಮ್. ಈಗ ಓಡುತ್ತಿರುವ ಆ್ಯಪ್‌ಗಳು ಅದನ್ನು ಬಳಸುತ್ತವೆ. ಎರಡನೆಯದು ಸ್ಟೋರೇಜ್. ಫೋಟೊ, ವಿಡಿಯೊ, ಆ್ಯಪ್ ಎಲ್ಲ ಕಾಯಂ ಆಗಿ ಇರುವುದು ಅಲ್ಲಿ. ಹಾಡು ಕೇಳುತ್ತಾ ಮ್ಯಾಪ್ ತೆರೆದಾಗ ಹಾಡು ನಿಂತುಹೋದರೆ, ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಮೊದಲನೆಯದು ಶುರುವಿನಿಂದ ತೆರೆದರೆ, ಅದು ರ್‍ಯಾಮ್ ಕಡಿಮೆಯಾದ ಲಕ್ಷಣ. ಎಷ್ಟು ಫೋಟೊ ಅಳಿಸಿದರೂ ಅದು ಸರಿಹೋಗುವುದಿಲ್ಲ.

ಸ್ಟೋರೇಜ್ ತುಂಬಿದ ಲಕ್ಷಣ ಬೇರೆ. ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ನಿಂತುಹೋಗುತ್ತದೆ. ಕ್ಯಾಮೆರಾ ಫೋಟೊ ಉಳಿಸುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಡೌನ್‌ಲೋಡ್ ಆಗುವುದಿಲ್ಲ. ತೀರಾ ಕಡಿಮೆಯಾದರೆ ವಾಟ್ಸಾಪ್ ತೆರೆಯುವುದೇ ಇಲ್ಲ, ಮೊದಲು ಜಾಗ ಮಾಡಿ ಅನ್ನುತ್ತದೆ. ಆಂಡ್ರಾಯ್ಡ್ ತಾನಾಗಿ ಎಚ್ಚರಿಕೆ ಕೊಡುವುದು ಸಾಮಾನ್ಯವಾಗಿ 500 ಎಂಬಿ ಉಳಿದಾಗ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. 100 ಎಂಬಿಯ ಆ್ಯಪ್ ಹಾಕಲು 100 ಎಂಬಿ ಸಾಲುವುದಿಲ್ಲ. ಡೌನ್‌ಲೋಡ್ ಆದ ಫೈಲ್, ಬಿಚ್ಚಿದ ಫೈಲ್, ಬೇಗ ಓಡಲಿ ಅಂತ ಫೋನ್ ತಯಾರಿಸಿಕೊಳ್ಳುವ ಇನ್ನೊಂದು ರೂಪ, ಎಲ್ಲಕ್ಕೂ ಜಾಗ ಬೇಕು. '300 ಎಂಬಿ ಇದೆ, ಆದ್ರೂ ಇನ್‌ಸ್ಟಾಲ್ ಆಗ್ತಿಲ್ಲ' ಅನ್ನುವ ದೂರಿಗೆ ಕಾರಣ ಇದು. 32 ಜಿಬಿ ಫೋನಿನಲ್ಲಿ 3 ಜಿಬಿ ಖಾಲಿ ಇದ್ದರೆ ನೆಮ್ಮದಿ.

ಈಗ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆಯಿರಿ. ಆ್ಯಪ್ಸ್, ಇಮೇಜಸ್, ವಿಡಿಯೋಸ್, ಆಡಿಯೊ, ಡಾಕ್ಯುಮೆಂಟ್ಸ್, ಸಿಸ್ಟಂ ಅಂತ ಲೆಕ್ಕ ಕಾಣುತ್ತದೆ. ಸ್ಕ್ರೀನ್‌ಶಾಟ್ ತೆಗೆಯಬೇಡಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸಿಸ್ಟಂ ಒಂದೇ 10 ಜಿಬಿಗೂ ಮೀರಿ ಹಿಡಿದಿರುವುದು ಸಾಮಾನ್ಯ. ಅದನ್ನು ನಾವು ಮುಟ್ಟಲಾಗುವುದಿಲ್ಲ. ಅಂದರೆ 32 ಜಿಬಿ ಅಂತ ಕೊಂಡ ಫೋನಿನಲ್ಲಿ ನಮ್ಮ ಪಾಲಿಗೆ ಬರುವುದು ಸುಮಾರು 20 ಜಿಬಿ. ಆ 20ರಲ್ಲಿ ಯಾವ ಸಾಲು ದೊಡ್ಡದಿದೆಯೋ ಅಲ್ಲಿಂದ ಕೆಲಸ ಶುರು.

100 ಎಂಬಿಯೂ ಇಲ್ಲದಿದ್ದರೆ

ಇಷ್ಟು ಕಡಿಮೆ ಇದ್ದಾಗ ಫೋನ್ ತಡವರಿಸುತ್ತದೆ, ಬ್ಯಾಕಪ್ ಕೂಡ ಮಾಡಲು ಬಿಡುವುದಿಲ್ಲ. ಮೊದಲು ಉಸಿರಾಡಲು ಜಾಗ ಬೇಕು. ಮತ್ತೆ ಹಾಕಿಕೊಳ್ಳಬಹುದಾದ ಒಂದು ದೊಡ್ಡ ಆ್ಯಪ್ ತೆಗೆದುಹಾಕಿ. ಮೊಮ್ಮಗ ಹಾಕಿದ ಗೇಮ್ ಇದ್ದರೆ ಅದೇ ಸರಿ, ಒಂದೊಂದು ಗೇಮ್ ಒಂದು ಜಿಬಿ ದಾಟುತ್ತದೆ. ಆಮೇಲೆ ಫೋನ್ ರೀಸ್ಟಾರ್ಟ್ ಮಾಡಿ ಮುಂದುವರಿಯಿರಿ.

ಅಳಿಸಿದರೂ ಜಾಗ ಬರಲಿಲ್ಲ ಅಂದರೆ

ಅಳಿಸಿದ ಫೋಟೊ ಹೋಗಿರುವುದಿಲ್ಲ. ಗ್ಯಾಲರಿಯ ಟ್ರ್ಯಾಶ್ ಅಥವಾ ರೀಸೈಕಲ್ ಬಿನ್‌ನಲ್ಲಿ ಸಾಮಾನ್ಯವಾಗಿ 30 ದಿನ ಕೂತಿರುತ್ತದೆ, ಅಷ್ಟೂ ದಿನ ಜಾಗ ಹಿಡಿದುಕೊಂಡೇ ಇರುತ್ತದೆ. ಗೂಗಲ್ ಫೋಟೋಸ್‌ಗೆ ಅದರದ್ದೇ ಬಿನ್ ಇದೆ, ಬ್ಯಾಕಪ್ ಆದ ಫೋಟೊ ಅಲ್ಲಿ 60 ದಿನ ಇರುತ್ತದೆ. ಫೈಲ್ಸ್ ಆ್ಯಪ್‌ಗೂ ಬೇರೆ ಟ್ರ್ಯಾಶ್ ಇದೆ. ಸ್ಯಾಮ್‌ಸಂಗ್ ಫೋನಿನಲ್ಲಿ ಗ್ಯಾಲರಿಗೆ ಒಂದು, ಮೈ ಫೈಲ್ಸ್‌ಗೆ ಒಂದು. ಒಂದನ್ನು ಖಾಲಿ ಮಾಡಿ ಇನ್ನೊಂದನ್ನು ಮರೆಯುವುದು ಬಹಳ ಮಾಮೂಲಿ.

ಇಡೀ ಮದುವೆಯ ವಿಡಿಯೊ ಅಳಿಸಿ, ಒಂದು ಎಂಬಿಯೂ ಸಿಗದೆ, ಫೋನೇ ಕೆಟ್ಟಿದೆ ಅಂತ ಅಂಗಡಿಗೆ ಹೋಗುವವರಿದ್ದಾರೆ. ಅಂಗಡಿಯವರು ಟ್ರ್ಯಾಶ್ ಖಾಲಿ ಮಾಡಿ ದುಡ್ಡು ತಗೊಂಡರೆ ಅದು ಅವರ ತಪ್ಪಲ್ಲ ಬಿಡಿ.

ಖಾಲಿ ಮಾಡುವ ಮೊದಲು ಒಮ್ಮೆ ಒಳಗೆ ಕಣ್ಣಾಡಿಸಿ. ಅಲ್ಲಿಂದ ಹೋದದ್ದು ವಾಪಸ್ ಬರುವುದಿಲ್ಲ.

ವಾಟ್ಸಾಪ್

ನಮ್ಮ ಊರುಗಳಲ್ಲಿ ತುಂಬಿದ ಫೋನ್ ಅಂದರೆ ಬಹುಪಾಲು ವಾಟ್ಸಾಪ್ ತುಂಬಿದ ಫೋನ್. ಶುಭೋದಯದ ಹೂವಿನ ಚಿತ್ರ, ದೇವರ ಚಿತ್ರ, ಯಕ್ಷಗಾನದ ತುಣುಕು, ಶಾಲೆ ಗ್ರೂಪಿನ ಹೋಮ್‌ವರ್ಕ್, ಸಂಘದ ಲೆಕ್ಕದ ಪಿಡಿಎಫ್. ಗೂಗಲ್ 2017ರ ಡಿಸೆಂಬರ್‌ನಲ್ಲಿ ಫೈಲ್ಸ್ ಗೋ ಆ್ಯಪ್ ಬಿಡುಗಡೆ ಮಾಡಿದ್ದು ಭಾರತದಲ್ಲೇ. ಈಗ ಅದರ ಹೆಸರು ಫೈಲ್ಸ್ ಬೈ ಗೂಗಲ್. ಇಂಥ ಶುಭೋದಯದ ಚಿತ್ರಗಳನ್ನು ಗುರುತಿಸಿ ಅಳಿಸಲು ಅದರಲ್ಲಿ ವ್ಯವಸ್ಥೆ ಮಾಡಿದ್ದರು. ಅಷ್ಟು ದೊಡ್ಡ ತೊಂದರೆ ಇದು.

ವಾಟ್ಸಾಪ್‌ನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಸ್ಟೋರೇಜ್ ಅಂಡ್ ಡೇಟಾ ತೆರೆದು ಮ್ಯಾನೇಜ್ ಸ್ಟೋರೇಜ್ ಒತ್ತಿ. ಮೇಲೆ ಒಟ್ಟು ಎಷ್ಟು ಹಿಡಿದಿದೆ ಅಂತ ಬರುತ್ತದೆ. ಕೆಳಗೆ ಹಲವು ಬಾರಿ ಫಾರ್ವರ್ಡ್ ಆದವು, 5 ಎಂಬಿಗಿಂತ ದೊಡ್ಡವು ಅಂತ ಎರಡು ಗುಂಪು ಕಾಣುತ್ತವೆ. ಅದರ ಕೆಳಗೆ ಯಾವ ಚಾಟ್ ಎಷ್ಟು ಜಾಗ ತಿಂದಿದೆ ಅನ್ನುವ ಪಟ್ಟಿ, ದೊಡ್ಡದು ಮೊದಲು. ಈ ಪಟ್ಟಿ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ನಮ್ಮ ಅತ್ತೆಯವರ ಫೋನಿನಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಅವರು ಎಂದೂ ಮಾತಾಡದ ಒಂದು ಭಜನಾ ಗ್ರೂಪ್. 'ಅತ್ತೆ, ಇದರಲ್ಲಿರೋ ವಿಡಿಯೊ ಬೇಕಾ ನಿಮ್ಗೆ?' ಅಂದರೆ, 'ಅಯ್ಯೋ, ಅದನ್ನ ನಾನು ತೆರೆದೇ ಇಲ್ಲ ಕಣಪ್ಪಾ, ಮ್ಯೂಟ್ ಮಾಡಿದೀನಿ' ಅಂದರು. ಮ್ಯೂಟ್ ಮಾಡಿದರೆ ಶಬ್ದ ಮಾತ್ರ ನಿಲ್ಲುತ್ತದೆ, ಡೌನ್‌ಲೋಡ್ ನಿಲ್ಲುವುದಿಲ್ಲ.

ಮೊದಲು 5 ಎಂಬಿ ಮೀರಿದವುಗಳ ಗುಂಪು ತೆರೆದು, ದೊಡ್ಡದು ಮೊದಲು ಬರುವಂತೆ ಜೋಡಿಸಿ. ಮೇಲಿನ ಒಂದಿಪ್ಪತ್ತು ವಿಡಿಯೊದಲ್ಲೇ ಒಂದು ಜಿಬಿ ಸಿಗುವುದು ಅಪರೂಪವಲ್ಲ. ಒಂದೇ ವಿಡಿಯೊ ಹಲವು ಗ್ರೂಪ್‌ನಲ್ಲಿದ್ದರೆ, ಅಳಿಸುವಾಗ ಅದರ ಪ್ರತಿಗಳನ್ನೂ ಅಳಿಸಲೇ ಅಂತ ಕೇಳುತ್ತದೆ. ಹೂಂ ಅನ್ನಿ. ಒಂದು ಪ್ರತಿ ಉಳಿದರೂ ಜಾಗ ಬಿಡುವುದಿಲ್ಲ. ಇಲ್ಲಿಂದ ಅಳಿಸಿದ್ದಕ್ಕೆ ಟ್ರ್ಯಾಶ್ ಇಲ್ಲ ಅನ್ನುವುದು ನೆನಪಿರಲಿ. ಬೇಕಾದ ಮೆಸೇಜಿಗೆ ಮೊದಲೇ ಸ್ಟಾರ್ ಹಾಕಿಡಿ. ಆಯ್ಕೆ ಮಾಡುವಾಗ ಅವು ಎದ್ದು ಕಾಣುತ್ತವೆ.

ಈ ಪರದೆಯಲ್ಲಿ ಕಾಣದ ಕೆಲವು ಜಾಗಗಳಿವೆ. ಅದಕ್ಕೆ ಫೈಲ್ಸ್ ಆ್ಯಪ್ ಬೇಕು. ಇಂಟರ್ನಲ್ ಸ್ಟೋರೇಜ್ ಒಳಗೆ ಆಂಡ್ರಾಯ್ಡ್, ಅದರೊಳಗೆ ಮೀಡಿಯಾ, ಅದರೊಳಗೆ ಕಾಮ್ ಡಾಟ್ ವಾಟ್ಸಾಪ್, ಅದರೊಳಗೆ ವಾಟ್ಸಾಪ್. ಹಳೆಯ ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಫೋಲ್ಡರ್ ಹೊರಗೇ ಇರುತ್ತದೆ.

ಅಲ್ಲಿ ಡೇಟಾಬೇಸಸ್ ಅಂತ ಒಂದು ಫೋಲ್ಡರ್ ಇದೆ. ವಾಟ್ಸಾಪ್ ಪ್ರತಿ ರಾತ್ರಿ ಎಲ್ಲ ಚಾಟ್‌ಗಳ ಒಂದು ಬ್ಯಾಕಪ್ ಫೋನಿನಲ್ಲೇ ಮಾಡಿಡುತ್ತದೆ. ಏಳು ದಿನದವರೆಗಿನ ಪ್ರತಿ ಉಳಿಸಿಕೊಳ್ಳುತ್ತದೆ. ಹತ್ತು ವರ್ಷದ ಮಾತುಕತೆ ಇರುವ ಫೋನಿನಲ್ಲಿ ಒಂದು ಪ್ರತಿಯೇ 200, 300 ಎಂಬಿ ಆಗಿರಬಹುದು. ಹಾಗಿದ್ದರೆ ಎಲ್ಲ ಸೇರಿ ಒಂದೂವರೆ, ಎರಡು ಜಿಬಿ ಬರೀ ಹಳೆಯ ಪ್ರತಿಗಳಿಗೆ ಹೋಗುತ್ತದೆ. ಹೆಸರಿನಲ್ಲಿ ತಾರೀಖು ಇರುವ ಫೈಲುಗಳು ಹಳೆಯವು, ಅವನ್ನು ಅಳಿಸಬಹುದು. ತಾರೀಖು ಇಲ್ಲದ್ದು ಈಚಿನದು. ಅದನ್ನು ಮುಟ್ಟಬೇಡಿ. ದಿನ ಕಳೆದ ಹಾಗೆ ಈ ಪ್ರತಿಗಳು ಮತ್ತೆ ಹುಟ್ಟುತ್ತವೆ. ಆದ್ದರಿಂದ ಇದು ತುರ್ತಿಗೆ ಆಗುವ ಉಪಾಯ, ಕಾಯಂ ಮದ್ದಲ್ಲ.

ಮೀಡಿಯಾ ಫೋಲ್ಡರ್ ಒಳಗೆ ವಾಟ್ಸಾಪ್ ಇಮೇಜಸ್, ವಾಟ್ಸಾಪ್ ವಿಡಿಯೊ ಇವೆ. ಎರಡರಲ್ಲೂ ಸೆಂಟ್ ಅನ್ನುವ ಒಳಫೋಲ್ಡರ್ ಇದೆ. ನೀವು ಯಾರಿಗಾದರೂ ಕಳಿಸಿದ ಪ್ರತಿ ಫೋಟೊ, ವಿಡಿಯೊದ ಇನ್ನೊಂದು ಪ್ರತಿ ಇಲ್ಲಿರುತ್ತದೆ. ಅಸಲು ಕ್ಯಾಮೆರಾ ಫೋಲ್ಡರಿನಲ್ಲೇ ಇದೆಯಲ್ಲ, ಇದು ಹೋದರೆ ಕಳಿಸಿದ ಚಾಟ್‌ನಲ್ಲಿ ಆ ಚಿತ್ರ ತೆರೆಯುವುದಿಲ್ಲ, ಅಷ್ಟೇ. ದಿನಾ ಮಕ್ಕಳಿಗೆ ವಿಡಿಯೊ ಕಳಿಸುವವರ ಫೋನಿನಲ್ಲಿ ನಾನು ಮೊದಲು ನೋಡುವುದೇ ಈ ಫೋಲ್ಡರ್. ಅಸಲು ಇದೆ ಅಂತ ಖಚಿತ ಮಾಡಿಕೊಂಡು ಅಳಿಸಿ.

ಈಗ ಮತ್ತೆ ತುಂಬದಂತೆ ನಲ್ಲಿ ಬಂದ್ ಮಾಡಬೇಕು. ಅದೇ ಸ್ಟೋರೇಜ್ ಅಂಡ್ ಡೇಟಾ ಒಳಗೆ ಮೀಡಿಯಾ ತಾನಾಗಿ ಡೌನ್‌ಲೋಡ್ ಆಗುವುದಕ್ಕೆ ಮೂರು ಸಾಲು ಇವೆ: ಮೊಬೈಲ್ ಡೇಟಾ, ವೈಫೈ, ರೋಮಿಂಗ್. ಮೂರರಲ್ಲೂ ಎಲ್ಲ ಟಿಕ್ ತೆಗೆಯಿರಿ. ಬೇಕಾದ ಫೋಟೊವನ್ನು ಒತ್ತಿ ಇಳಿಸಿಕೊಂಡರಾಯಿತು. ಹಿರಿಯರಿಗೆ ಇದು ಕಿರಿಕಿರಿ ಅನ್ನಿಸಬಹುದು. ಅಂಥವರಿಗೆ ವೈಫೈ ಸಾಲಿನಲ್ಲಿ ಫೋಟೊ ಮಾತ್ರ ಬಿಟ್ಟು ವಿಡಿಯೊ, ಡಾಕ್ಯುಮೆಂಟ್ ತೆಗೆದರೂ ಸಾಕು. ವಾಯ್ಸ್ ಮೆಸೇಜ್ ಹೇಗೂ ತಾನಾಗೇ ಬರುತ್ತದೆ, ಅದು ಚಿಕ್ಕದು.

ಮೀಡಿಯಾ ವಿಸಿಬಿಲಿಟಿ ಅನ್ನುವ ಸ್ವಿಚ್ ಆಫ್ ಮಾಡಿದರೆ ಜಾಗ ಉಳಿಯುತ್ತದೆ ಅಂತ ಹಲವರು ನಂಬಿದ್ದಾರೆ. ಇಲ್ಲ. ಗ್ಯಾಲರಿಯಲ್ಲಿ ಕಾಣುವುದು ನಿಲ್ಲುತ್ತದೆ, ಫೈಲ್ ಫೋನಿನಲ್ಲೇ ಇರುತ್ತದೆ. ಹುಡುಕುವುದು ಇನ್ನೂ ಕಷ್ಟವಾಗುತ್ತದೆ.

ಆ್ಯಪ್ ಸಾಲು ದೊಡ್ಡದಿದ್ದರೆ

ಸ್ಟೋರೇಜ್‌ನಲ್ಲಿ ಆ್ಯಪ್ಸ್ ಒತ್ತಿ, ಗಾತ್ರದ ಪ್ರಕಾರ ಜೋಡಿಸಿ. ಒಂದೊಂದನ್ನು ತೆರೆದರೆ ಆ್ಯಪ್ ಎಷ್ಟು, ಡೇಟಾ ಎಷ್ಟು, ಕ್ಯಾಶ್ ಎಷ್ಟು ಅಂತ ಬೇರೆ ಬೇರೆ ತೋರಿಸುತ್ತದೆ.

ಕ್ಯಾಶ್ ಅಂದರೆ ಬೇಗ ತೆರೆಯಲಿ ಅಂತ ಆ್ಯಪ್ ಇಟ್ಟುಕೊಂಡ ತಾತ್ಕಾಲಿಕ ಫೈಲುಗಳು. ಕ್ಲಿಯರ್ ಕ್ಯಾಶ್ ಒತ್ತಿದರೆ ಏನೂ ಹಾಳಾಗುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಕ್ರೋಮ್ ಇವುಗಳಲ್ಲಿ ಮಾತ್ರ ಮಾಡಿ, ಉಳಿದವುಗಳಲ್ಲಿ ಸಿಗುವುದು ಚಿಲ್ಲರೆ. ಅದೂ ಮತ್ತೆ ತುಂಬುತ್ತದೆ, ವಾರವಾರ ಮಾಡುತ್ತಾ ಕೂರಬೇಡಿ.

ಪಕ್ಕದಲ್ಲೇ ಇರುವ ಕ್ಲಿಯರ್ ಡೇಟಾ ಅಥವಾ ಕ್ಲಿಯರ್ ಸ್ಟೋರೇಜ್ ಬಟನ್ ಹಾಗಲ್ಲ. ಅದು ಆ್ಯಪ್ ಅನ್ನು ಇವತ್ತೇ ಹೊಸದಾಗಿ ಹಾಕಿದ ಸ್ಥಿತಿಗೆ ತರುತ್ತದೆ. ವಾಟ್ಸಾಪ್‌ನಲ್ಲಿ ಒತ್ತಿದರೆ ಲಾಗೌಟ್ ಆಗಿ, ಬ್ಯಾಕಪ್ ಇಲ್ಲದಿದ್ದರೆ ಚಾಟ್ ಹೋಗುತ್ತದೆ. ಯುಪಿಐ ಆ್ಯಪ್‌ನಲ್ಲಿ ಒತ್ತಿದರೆ ಸಿಮ್‌ನಿಂದ ಎಸ್‌ಎಂಎಸ್ ಹೋಗಿ ಮತ್ತೆ ನೋಂದಣಿ ಆಗಬೇಕು. ಸಂತೆಯಲ್ಲಿ ನಿಂತು ತರಕಾರಿಯವರಿಗೆ ದುಡ್ಡು ಕೊಡುವ ಹೊತ್ತಿಗೆ ಇದು ಬೇಡದ ತಲೆನೋವು. ಓಟಿಪಿ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್‌ನಲ್ಲಂತೂ ಮುಟ್ಟಲೇಬೇಡಿ.

ಡೇಟಾ ಬಹಳ ದೊಡ್ಡದಿದ್ದರೆ ಆ್ಯಪ್ ಒಳಗೇ ಹೋಗಿ ನೋಡಿ. ಯೂಟ್ಯೂಬ್, ಪ್ರೈಮ್ ವಿಡಿಯೊ, ಸ್ಪಾಟಿಫೈ ಮುಂತಾದವುಗಳಲ್ಲಿ ಡೌನ್‌ಲೋಡ್ ಮಾಡಿದ ಸಿನಿಮಾ, ಹಾಡು ಗ್ಯಾಲರಿಯಲ್ಲಿ ಕಾಣುವುದಿಲ್ಲ, ಆ್ಯಪ್ ಡೇಟಾ ಅಂತ ಲೆಕ್ಕ ಸೇರುತ್ತದೆ. ಬಸ್ಸಿನಲ್ಲಿ ನೋಡಲು ಇಳಿಸಿಕೊಂಡು ಮರೆತದ್ದು ಇಲ್ಲೇ ಇರುತ್ತದೆ. ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ಮ್ಯಾಪ್ ಕೂಡ ಹೀಗೇ. ಟೆಲಿಗ್ರಾಂ ಬಳಸುವವರು ಅದರ ಡೇಟಾ ಅಂಡ್ ಸ್ಟೋರೇಜ್ ಒಳಗೆ ಸ್ಟೋರೇಜ್ ಯೂಸೇಜ್ ತೆರೆದು ಕ್ಯಾಶ್ ಅಳಿಸಬಹುದು. ಫೈಲುಗಳು ಟೆಲಿಗ್ರಾಂ ಸರ್ವರ್‌ನಲ್ಲೇ ಇರುವುದರಿಂದ ಬೇಕಾದಾಗ ಮತ್ತೆ ಇಳಿಸಬಹುದು. ಎಷ್ಟು ದಿನದ ಮೀಡಿಯಾ ಇಟ್ಟುಕೊಳ್ಳಬೇಕು ಅಂತಲೂ ಅಲ್ಲೇ ಹೇಳಬಹುದು.

ಬಳಸದ ಆ್ಯಪ್ ತೆಗೆಯಲು ಮನಸ್ಸಿಲ್ಲದಿದ್ದರೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಆಟೋ ಆರ್ಕೈವ್ ಆನ್ ಮಾಡಿ. ಐಕಾನ್ ಮತ್ತು ನಿಮ್ಮ ಮಾಹಿತಿ ಉಳಿಯುತ್ತದೆ, ಆ್ಯಪ್ ಹೋಗುತ್ತದೆ, ಒತ್ತಿದರೆ ಮತ್ತೆ ಇಳಿಯುತ್ತದೆ. 2023ರಲ್ಲಿ ಇದನ್ನು ತಂದಾಗ ಆ್ಯಪ್ ಹಿಡಿದ ಜಾಗದಲ್ಲಿ ಶೇ 60ರವರೆಗೂ ಉಳಿಸಬಹುದು ಅಂತ ಗೂಗಲ್ ಹೇಳಿತ್ತು.

ಹತ್ತು ಜಿಬಿ ಕಸ ಸಿಕ್ಕಿದೆ ಅಂತ ಕೆಂಪು ಬಣ್ಣದಲ್ಲಿ ಹೆದರಿಸುವ ಕ್ಲೀನರ್ ಆ್ಯಪ್‌ಗಳು ಇದ್ದರೆ ಮೊದಲು ಅವನ್ನೇ ತೆಗೆಯಿರಿ. ಅವು ಹೆಚ್ಚೆಂದರೆ ಕ್ಯಾಶ್ ಅಳಿಸುತ್ತವೆ, ಜೊತೆಗೆ ಜಾಹೀರಾತು ತೋರಿಸುತ್ತವೆ.

ಕ್ಯಾಮೆರಾ, ರೆಕಾರ್ಡಿಂಗ್, ಪಿಡಿಎಫ್

ವಿಡಿಯೊ ಸಾಲು ದೊಡ್ಡದಿದ್ದರೆ ಕ್ಯಾಮೆರಾ ಸೆಟ್ಟಿಂಗ್ ನೋಡಿ. 4ಕೆ, ಅಂದರೆ ತೀರಾ ಸ್ಪಷ್ಟ ಚಿತ್ರದ ವಿಡಿಯೊ, ನಿಮಿಷಕ್ಕೆ ಸುಮಾರು 350 ಎಂಬಿ ತಿನ್ನುತ್ತದೆ. ಅದಕ್ಕಿಂತ ಕೆಳಗಿನ 1080ಪಿ ಆದರೆ ಅದರ ಮೂರರಲ್ಲಿ ಒಂದು ಪಾಲು. ಫೋನಿನಲ್ಲೇ ನೋಡುವ ವಿಡಿಯೊಗೆ 1080ಪಿ ಧಾರಾಳ. ಫೋಟೊವನ್ನು ಬಹಳ ದೊಡ್ಡ ಗಾತ್ರದಲ್ಲಿ ತೆಗೆಯುವ 50 ಎಂಪಿ (ಮೆಗಾಪಿಕ್ಸೆಲ್) ಮೋಡ್ ಕೂಡ ದಿನದ ಬಳಕೆಗೆ ಬೇಡ.

ಎಲ್ಲ ಕರೆ ತಾನಾಗಿ ರೆಕಾರ್ಡ್ ಆಗುವಂತೆ ಇಟ್ಟಿರುವ ಫೋನ್ ನಮ್ಮಲ್ಲಿ ಎಷ್ಟೋ ಇವೆ. ವ್ಯಾಪಾರಿಗಳಲ್ಲಿ ಇದು ಜಾಸ್ತಿ. ರೆಕಾರ್ಡಿಂಗ್ಸ್ ಫೋಲ್ಡರಿನಲ್ಲಿ ವರ್ಷಗಳ ಮಾತು ಕೂತಿರುತ್ತದೆ. ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಒಂದೇ ಆಧಾರ್ ಪಿಡಿಎಫ್, ಒಂದೇ ಪಹಣಿ ಐದಾರು ಸಲ ಇಳಿದಿರುತ್ತದೆ. ಅವು ಚಿಕ್ಕವು, ಜಾಗಕ್ಕಿಂತ ಗೊಂದಲ ಜಾಸ್ತಿ.

ಉಳಿದದ್ದನ್ನು ಎಲ್ಲಿಗೆ ಸಾಗಿಸುವುದು

ನಿಜವಾಗಿ ಬೇಕಾದ ಫೋಟೊಗಳೇ ಜಾಗ ಹಿಡಿದಿದ್ದರೆ ಅಳಿಸಬೇಡಿ, ಸಾಗಿಸಿ. ಗೂಗಲ್ ಫೋಟೋಸ್‌ನ ಅನಿಯಮಿತ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಜಿಮೇಲ್, ಡ್ರೈವ್, ಫೋಟೋಸ್ ಎಲ್ಲಕ್ಕೂ ಸೇರಿ 15 ಜಿಬಿ. ಆಂಡ್ರಾಯ್ಡ್ ವಾಟ್ಸಾಪ್‌ನ ಬ್ಯಾಕಪ್ ಕೂಡ ಈಗ ಅದೇ ಲೆಕ್ಕದಲ್ಲಿದೆ. ಹಾಗಾಗಿ ಕ್ಯಾಮೆರಾ ಫೋಲ್ಡರ್ ಮಾತ್ರ ಬ್ಯಾಕಪ್ ಮಾಡಿ, ವಾಟ್ಸಾಪ್ ಇಮೇಜಸ್ ಬೇಡ. ಬ್ಯಾಕಪ್ ಪೂರ್ತಿ ಆದ ಮೇಲೆ ಗೂಗಲ್ ಫೋಟೋಸ್‌ನಲ್ಲಿ ಫ್ರೀ ಅಪ್ ಸ್ಪೇಸ್ ಒತ್ತಿದರೆ ಫೋನಿನ ಪ್ರತಿ ಮಾತ್ರ ಹೋಗುತ್ತದೆ. ಅದೇ ಆ್ಯಪ್‌ನಲ್ಲಿ ಫೋಟೊ ಆರಿಸಿ ಡಿಲೀಟ್ ಒತ್ತಿದರೆ ಎರಡೂ ಕಡೆ ಹೋಗುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಫೋಟೊ ಕಳೆದುಕೊಂಡವರು ಬಹಳ ಜನ.

ಕಂಪ್ಯೂಟರ್ ಇದ್ದರೆ ಯುಎಸ್‌ಬಿ ಕೇಬಲ್ ಹಾಕಿ. ಫೋನ್ ಮೊದಲು ಬರೀ ಚಾರ್ಜ್ ಆಗುತ್ತದೆ, ನೋಟಿಫಿಕೇಶನ್ ಎಳೆದು ಫೈಲ್ ಟ್ರಾನ್ಸ್‌ಫರ್ ಆರಿಸಬೇಕು. ಇಲ್ಲದವರಿಗೆ ಓಟಿಜಿ ಪೆನ್‌ಡ್ರೈವ್, ಅಂದರೆ ನೇರ ಫೋನಿಗೇ ಚುಚ್ಚುವ ಪೆನ್‌ಡ್ರೈವ್, ಸುಲಭ. ಮೊದಲು ಕಾಪಿ ಮಾಡಿ, ಅಲ್ಲಿ ನಾಲ್ಕು ಫೈಲ್ ತೆರೆದು ನೋಡಿ, ಆಮೇಲೆ ಫೋನಿನಿಂದ ಅಳಿಸಿ. ನೇರವಾಗಿ ಮೂವ್ ಕೊಟ್ಟು, ನಡುವೆ ಕೇಬಲ್ ಅಲುಗಿದರೆ ಕಷ್ಟ.

ಮೆಮೊರಿ ಕಾರ್ಡ್ ಹಾಕುವವರು ಕ್ಯಾಮೆರಾದಲ್ಲಿ ಉಳಿಸುವ ಜಾಗ ಕಾರ್ಡ್ ಅಂತ ಬದಲಾಯಿಸಿ. ವಾಟ್ಸಾಪ್ ಮಾತ್ರ ತನ್ನ ಮೀಡಿಯಾವನ್ನು ಫೋನಿನಲ್ಲೇ ಇಡುತ್ತದೆ, ಕಾರ್ಡ್ ಹಾಕಿದ ಮಾತ್ರಕ್ಕೆ ಅದರ ತೊಂದರೆ ತೀರುವುದಿಲ್ಲ. ರಸ್ತೆ ಬದಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ 1 ಟಿಬಿ ಕಾರ್ಡ್ ನಂಬಬೇಡಿ. ಅಂಥವು ಫೋನಿಗೆ 1 ಟಿಬಿ ಅಂತ ಸುಳ್ಳು ಹೇಳಿ, ಒಳಗೆ ಇರುವ ಅಲ್ಪ ಜಾಗ ಮುಗಿದ ಮೇಲೆ ಹಾಕಿದ್ದನ್ನೆಲ್ಲ ಹಾಳು ಮಾಡುತ್ತವೆ.

ಲೆಕ್ಕಕ್ಕೆ ಸಿಗದ ಜಾಗ

ಎಲ್ಲ ಮಾಡಿದರೂ ಸಿಸ್ಟಂ ಅಥವಾ ಅದರ್ ಸಾಲು ದೊಡ್ಡದಾಗೇ ಇದ್ದರೆ ಎರಡು ಕಡೆ ನೋಡಿ.

ಒಂದು, ವರ್ಚುವಲ್ ರ್‍ಯಾಮ್. ಸ್ಯಾಮ್‌ಸಂಗ್‌ನಲ್ಲಿ ರ್‍ಯಾಮ್ ಪ್ಲಸ್, ರೆಡ್ಮಿಯಲ್ಲಿ ಮೆಮೊರಿ ಎಕ್ಸ್‌ಟೆನ್ಶನ್ ಅಂತ ಹೆಸರು. ಇದು ಸ್ಟೋರೇಜ್‌ನಿಂದ 2 ಜಿಬಿ, 4 ಜಿಬಿ ಕಿತ್ತುಕೊಂಡು ರ್‍ಯಾಮ್ ಥರ ಬಳಸುತ್ತದೆ. 32 ಜಿಬಿ ಫೋನಿನಲ್ಲಿ ಇದು ದುಬಾರಿ ಸೌಲಭ್ಯ. ಆಫ್ ಮಾಡುವ ಅವಕಾಶವಿದ್ದರೆ ಆಫ್ ಮಾಡಿ ರೀಸ್ಟಾರ್ಟ್ ಮಾಡಿ.

ಎರಡು, ಡ್ಯುಯಲ್ ಆ್ಯಪ್. ಎರಡು ಸಿಮ್‌ಗೆ ಎರಡು ವಾಟ್ಸಾಪ್ ಮಾಡಿಕೊಂಡಿದ್ದರೆ ಎರಡನೆಯದರ ಫೋಟೊ, ವಿಡಿಯೊ ಬೇರೆಯೇ ಜಾಗದಲ್ಲಿರುತ್ತದೆ. ಮೊದಲನೆಯದರಲ್ಲಿ ಎಷ್ಟು ಗುಡಿಸಿದರೂ ಅದಕ್ಕೆ ತಾಗುವುದಿಲ್ಲ. ಆ ವಾಟ್ಸಾಪ್ ತೆರೆದು ಅದರ ಮ್ಯಾನೇಜ್ ಸ್ಟೋರೇಜ್‌ನಲ್ಲೇ ಕೆಲಸ ಮಾಡಬೇಕು, ಆಟೋ ಡೌನ್‌ಲೋಡ್ ಕೂಡ ಅಲ್ಲಿ ಇನ್ನೊಮ್ಮೆ ನಿಲ್ಲಿಸಬೇಕು.

ಇವೆರಡೂ ಅಲ್ಲದಿದ್ದರೆ ಉಳಿಯುವುದು ಫ್ಯಾಕ್ಟರಿ ರೀಸೆಟ್, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸ ಫೋನಿನ ಸ್ಥಿತಿಗೆ ತರುವುದು. ಅದಕ್ಕೆ ಮೊದಲು ವಾಟ್ಸಾಪ್‌ನ ಚಾಟ್ ಬ್ಯಾಕಪ್ ಅನ್ನು ಗೂಗಲ್ ಅಕೌಂಟಿಗೆ ತೆಗೆಯಿರಿ. ಫೋಟೊ, ಪಿಡಿಎಫ್, ಕಾಲ್ ರೆಕಾರ್ಡಿಂಗ್ ಹೊರಗೆ ಕಾಪಿ ಮಾಡಿ. ಕಾಂಟ್ಯಾಕ್ಟ್‌ಗಳು ಫೋನಿನಲ್ಲಿ ಅಲ್ಲ, ಗೂಗಲ್ ಅಕೌಂಟಿನಲ್ಲಿ ಉಳಿದಿವೆ ಅಂತ ನೋಡಿ. ಗೂಗಲ್ ಪಾಸ್‌ವರ್ಡ್ ನೆನಪಿದೆಯೇ ಅಂತ ಬೇರೊಂದು ಫೋನಿನಲ್ಲಿ ಲಾಗಿನ್ ಆಗಿ ಪರೀಕ್ಷಿಸಿ. ವಾಟ್ಸಾಪ್‌ಗೆ ಆರಂಕಿಯ ಪಿನ್ ಇಟ್ಟಿದ್ದರೆ ಅದನ್ನೂ ಬರೆದಿಡಿ. ರೀಸೆಟ್ ಆದ ಮೇಲೆ ಎಲ್ಲ ಆ್ಯಪ್‌ಗಳನ್ನು ಹಳೆಯ ಪಟ್ಟಿಯಿಂದ ಒಟ್ಟಿಗೆ ವಾಪಸ್ ತರಬೇಡಿ. ಬೇಕಾದಾಗ ಒಂದೊಂದೇ ಹಾಕಿಕೊಳ್ಳಿ. ಚಾಟ್ ವಾಪಸ್ ಬಂದ ಕೂಡಲೇ, ಗ್ರೂಪುಗಳು ಮಾತು ಶುರು ಮಾಡುವ ಮೊದಲೇ, ವಾಟ್ಸಾಪ್‌ನ ಆಟೋ ಡೌನ್‌ಲೋಡ್ ಆಫ್ ಮಾಡಿ.